ನಾಲ್ಕು ಗಂಟೆಯ ನೀರು

ಬ್ಯಾಡಗಿಯ ದಾಕ್ಷಿಯ ಹೊಟ್ಟೆ ದಿನದ ಉಳಿದ ಹೊತ್ತಿನಲ್ಲಿ ಹೇಗಾದರೂ ಇರಲಿ, ಮಧ್ಯಾಹ್ನ ನಾಲ್ಕು ಗಂಟೆಗೆ ಮಾತ್ರ ಒಮ್ಮೆ ಬೆಚ್ಚಿಬೀಳುತ್ತಿತ್ತು. ಐದು ವರ್ಷದ ಆ ಹುಡುಗಿಯನ್ನು ನಾನು ನೋಡಿರಲಿಲ್ಲ. ಹುಬ್ಬಳ್ಳಿಯ ಒಂದು ಮಕ್ಕಳ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಏಳು ತಿಂಗಳಿಂದ ಅವಳ ಕರುಳನ್ನು ಕೇಳುತ್ತಿದ್ದೆ.

ನಮ್ಮ ಕೋಣೆಗೆ 'ಕೇಳುವ ಕೋಣೆ' ಎಂದೇ ಹೆಸರು. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇಲ್ಲದ ಮಕ್ಕಳು, ರಕ್ತದ ಕ್ಯಾನ್ಸರಿಗೆ ಔಷಧ ತೆಗೆದುಕೊಂಡು ಆ ಶಕ್ತಿ ಕಳೆದುಕೊಂಡ ಮಕ್ಕಳು, ಒಟ್ಟು ತೊಂಬತ್ತು ಮಂದಿ ಆರು ಜಿಲ್ಲೆಗಳ ತಮ್ಮ ತಮ್ಮ ಮನೆಗಳಲ್ಲಿದ್ದರು. ಒಬ್ಬೊಬ್ಬರ ಹೊಕ್ಕುಳದ ಕೆಳಗೂ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿಸಿದ್ದರು. ಬಿಲ್ಲೆ ಕರುಳಿನ ಸದ್ದು ಹಿಡಿದು, ಮನೆಯ ಫೋನಿನ ಮೂಲಕ ನಮಗೆ ಕಳಿಸುತ್ತಿತ್ತು.

ನಾವು ಹುಡುಕುತ್ತಿದ್ದುದು ಮುಖ್ಯವಾಗಿ ಒಂದೇ ಜೀವಿಯನ್ನು. ವಾರ್ಡಿನಲ್ಲಿ ಅದನ್ನು ಕ್ರಿಪ್ಟೊ ಎನ್ನುತ್ತಾರೆ. ಕಣ್ಣಿಗೆ ಕಾಣದ ಪರಾವಲಂಬಿ, ಗಟ್ಟಿ ಚಿಪ್ಪಿನೊಳಗೆ ಕೂತು ನೀರಿನಲ್ಲಿ ಬರುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ಗೆ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಗಟ್ಟಿಮುಟ್ಟಾದವರ ಹೊಟ್ಟೆಗೆ ಹೋದರೆ ಕೆಲವು ದಿನ ಕಾಡಿ ಹೊರಟುಹೋಗುತ್ತದೆ. ಈ ಮಕ್ಕಳ ಹೊಟ್ಟೆಗೆ ಹೋದರೆ ಅಲ್ಲೇ ಸಂಸಾರ ಹೂಡುತ್ತದೆ. ಭೇದಿ ನಿಲ್ಲುವುದಿಲ್ಲ, ಮಗು ಕರಗುತ್ತಾ ಹೋಗುತ್ತದೆ. ಆದರೆ ಭೇದಿ ಶುರುವಾಗುವ ಎರಡು ದಿನ ಮುಂಚೆ ಕರುಳಿನ ನಡೆ ಬದಲಾಗುತ್ತದೆ, ಒಲೆಯ ಮೇಲಿನ ಗಂಜಿ ಸೀಯುವ ಮೊದಲು ಅದರ ಕುದಿತದ ಸದ್ದು ಬದಲಾಗುವ ಹಾಗೆ. ಆಗಲೇ ಔಷಧ ಕೊಟ್ಟರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ.

ಸಂಶಯ ಬಂದರೆ ಯಂತ್ರ ಕೆಂಪು ದೀಪ ಹಚ್ಚುತ್ತದೆ. ಆದರೆ ಒಂದೊಂದು ಮಗುವಿನ ಕರುಳಿಗೆ ಒಂದೊಂದು ನಡೆ. ಯಂತ್ರಕ್ಕೆ ಅದು ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಅದಕ್ಕೇ ನಾವು. ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರು ಸರ್ಟಿಫಿಕೇಟ್ ಕೇಳಲಿಲ್ಲ, ಇಪ್ಪತ್ತು ಸದ್ದು ಕೇಳಿಸಿ ಯಾವುದು ಬೇರೆ ಎಂದು ಕೇಳಿದರು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ನನಗೆ ಅದು ಅನುಕೂಲವಾಯಿತು. ಗದಗ ಬೆಟಗೇರಿಯ ನಮ್ಮ ಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ನಾನು ಬಣ್ಣದ ಕೊಪ್ಪರಿಗೆಗೆ ನೀರು ಸುರಿದರೆ, ಒಳಗೆ ಮಗ್ಗದ ಮುಂದೆ ಕೂತ ಅವ್ವ ಸದ್ದು ಕೇಳಿಯೇ ನೀರು ಇನ್ನೂ ಕಾದಿಲ್ಲ ಎಂದು ಕೂಗಿ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ.

ಪಕ್ಕದ ಕುರ್ಚಿಯ ಜುಬೇದಾ ಮೊದಲ ವಾರವೇ ಡಾಕ್ಟರ ಬಳಿ ಹೋಗಿ, ಕಸ್ತೂರಿ ಎಂಬ ಈ ಹೊಸ ಹುಡುಗಿಗೂ ಒಂದು ಬಿಲ್ಲೆ ಅಂಟಿಸಿ, ಇಲ್ಲದಿದ್ದರೆ ಇವಳಿಂದ ಒಂದು ಸದ್ದೂ ಬರುವುದಿಲ್ಲ ಎಂದಿದ್ದಳಂತೆ.

ಬಿಲ್ಲೆಗೆ ಕರುಳಿನ ಸದ್ದಿನ ಜೊತೆ ಮನೆಯ ಸದ್ದೂ ಸಿಗುತ್ತದೆ. ಮಾತು, ಜಗಳ, ಪಾತ್ರೆ, ಟೀವಿ ಎಲ್ಲ. ಯಂತ್ರ ಅದನ್ನು ಸೋಸಿ ಪಕ್ಕಕ್ಕಿಡುತ್ತಿತ್ತು. ಮೇಜಿನ ಮೇಲಿನ ಒಂದು ಬಿಳಿ ಗುಂಡಿ ಒತ್ತಿದರೆ ಅದೂ ಕೇಳಿಸುತ್ತದೆ. ಯಂತ್ರ ಕೆಟ್ಟಾಗ ಪರೀಕ್ಷೆಗೆಂದು ಇಟ್ಟ ಗುಂಡಿ ಅದು. ಅದನ್ನು ಒತ್ತುವುದಿಲ್ಲ ಎಂದು ನಾವೆಲ್ಲ ಸಹಿ ಮಾಡಿಕೊಟ್ಟಿದ್ದೆವು. ಆ ಮಾತಿನ ಮೇಲೆಯೇ ತೊಂಬತ್ತು ಮನೆಯವರು ಬಿಲ್ಲೆ ಹಾಕಿಸಿಕೊಂಡಿದ್ದರು.

ದಾಕ್ಷಿಗೆ ಬೇರೊಬ್ಬರ ಅಸ್ಥಿಮಜ್ಜೆ ಹಾಕಿ ರೋಗ ತಡೆಯುವ ಶಕ್ತಿ ಬರಿಸಬೇಕಿತ್ತು. ಹೊಂದುವವರು ಒಬ್ಬರು ಸಿಕ್ಕಿದ್ದರು. ಅದಕ್ಕೆ ಮೊದಲು ನಲವತ್ತು ದಿನ ಹೊಟ್ಟೆ ಶುದ್ಧವಾಗಿರಬೇಕು. ಎರಡು ಸಲ ಎಣಿಕೆ ಶುರುವಾಗಿ, ಎರಡು ಸಲವೂ ಕ್ರಿಪ್ಟೊ ಬಂದು ನಿಂತುಹೋಗಿತ್ತು. ಮೂರನೆಯ ಸಲವೂ ನಿಂತರೆ ಮಜ್ಜೆ ಹಾಕುವ ಆ ಸರದಿ ಬೇರೆ ಮಗುವಿಗೆ ಹೋಗುತ್ತದೆ. ಮತ್ತೆ ಸರದಿ ಬರುವವರೆಗೆ ಕಾಯುವಷ್ಟು ಜೀವ ದಾಕ್ಷಿಯಲ್ಲಿ ಉಳಿದಿಲ್ಲ ಎಂದು ಡಾಕ್ಟರ್ ಉಮಾ ಬಳಿಗಾರ ಶುಕ್ರವಾರದ ಸಭೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು.

ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯವರು ಎರಡು ಸಲ ಮನೆ ನೋಡಿ ಬಂದಿದ್ದರು. ಓಣಿಯ ನಲ್ಲಿ ನೀರಿನಲ್ಲಿ ಕ್ರಿಪ್ಟೊ ಇತ್ತು, ನಿಜ. ಆದರೆ ಕುದಿಸದ ನೀರು ಮಗುವಿಗೆ ಕೊಡುವುದೇ ಇಲ್ಲ ಎಂದು ಮನೆಯವರು ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ನೀರಿನ ಬೋಗಣಿಗೆ ಒಂದು ಪಟ್ಟಿ ಅಂಟಿಸಿದ್ದರು. ಎಷ್ಟು ಹೊತ್ತಿಗೆ ನೀರು ಕುದಿಯಿತು ಎಂಬುದನ್ನು ಅದು ಬರೆದಿಡುತ್ತದೆ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಮೂರೂ ಐವತ್ತು, ಸಂಜೆ ಏಳೂವರೆ. ಒಂದು ದಿನವೂ ತಪ್ಪಿರಲಿಲ್ಲ.

ಉಳಿದದ್ದು ತಾಯಿಯ ಕೈ. ದಾಕ್ಷಿಯ ತಾಯಿ ಸುವರ್ಣಾ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯ ನೀರು, ಅಲ್ಲಿಯ ಧೂಳು, ಅಲ್ಲಿಯ ಶೌಚಾಲಯ. ಕೈಯಲ್ಲಿ ತರುತ್ತಿರಬೇಕು ಎಂದು ಸಭೆಯಲ್ಲಿ ಎಲ್ಲರೂ ಒಪ್ಪಿದರು. ಸೋಮವಾರದಿಂದ ನಲವತ್ತು ದಿನ ಸುವರ್ಣಾ ರಾಣೇಬೆನ್ನೂರಿನ ಅಕ್ಕನ ಮನೆಯಲ್ಲಿರಬೇಕು, ಮಗುವನ್ನು ಅಜ್ಜಿಯೊಬ್ಬಳೇ ನೋಡಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಸಭೆ ಮುಗಿದ ಕೂಡಲೇ ಸುವರ್ಣಾಳಿಗೆ ಫೋನಿನಲ್ಲಿ ಹೇಳಿದರು. ಬಸ್ಸು ಎಷ್ಟಕ್ಕೆ ಎಂದು ಮಾತ್ರ ಕೇಳಿದಳಂತೆ.

ನಾನು ಕುರ್ಚಿಗೆ ಮರಳಿದಾಗ ಮೂರೂ ಮುಕ್ಕಾಲು. ದಾಕ್ಷಿಯ ಕರುಳು ಮಲಗಿತ್ತು. ನಾಲ್ಕಕ್ಕೆ ಎಂದಿನಂತೆ ಬೆಚ್ಚಿತು. ಆಗ ನನಗೆ ಹೊಳೆದದ್ದು ಹೊಸದೇನಲ್ಲ, ಏಳು ತಿಂಗಳು ಕೇಳಿದ್ದೇ. ಬೆಳಿಗ್ಗೆ ಮತ್ತು ರಾತ್ರಿ ಆ ಹುಡುಗಿ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಒಂದು ಗುಟುಕು, ಬಿಡುವು, ಇನ್ನೊಂದು ಗುಟುಕು. ನಾಲ್ಕಕ್ಕೆ ಮಾತ್ರ ಒಂದೇ ಉಸಿರಿಗೆ. ಅಷ್ಟೂ ನೀರು ಒಮ್ಮೆಲೇ ಬಂದು ಬೀಳುವುದಕ್ಕೇ ಹೊಟ್ಟೆ ಬೆಚ್ಚುತ್ತಿತ್ತು. ಬೋಗಣಿಯ ಪಟ್ಟಿ ನೋಡಿದೆ. ನೀರು ಕುದ್ದದ್ದು ಮೂರೂ ಐವತ್ತಕ್ಕೆ. ಹತ್ತು ನಿಮಿಷದ ಹಿಂದೆ ಕುದ್ದ ನೀರನ್ನು ಐದು ವರ್ಷದ ಮಗು ಒಂದೇ ಉಸಿರಿಗೆ ಹೇಗೆ ಕುಡಿದೀತು?

ಆ ಪ್ರಶ್ನೆಯನ್ನು ಹಾಗೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಒಪ್ಪಿಸಬಹುದಿತ್ತು. ಅವರ ಬಾಗಿಲವರೆಗೆ ಹೋದೆ. ಒಳಗೆ ನಾಲ್ಕು ಜನ ಇದ್ದರು, ಮರಳಿ ಬಂದೆ. ನಾಲ್ಕು ಗಂಟೆಯ ಹತ್ತು ನಿಮಿಷಗಳು ಯಂತ್ರದಲ್ಲಿ ಇನ್ನೂ ಇದ್ದವು. ಅದನ್ನು ಹಿಂದಕ್ಕೆ ತಿರುಗಿಸಿ ಬಿಳಿ ಗುಂಡಿ ಒತ್ತಿದೆ.

ಮೊದಲು ಒಂದು ಸೀನು. ಆಮೇಲೆ ಮುದುಕಿಯೊಬ್ಬಳ ದನಿ. ಅವಳು ಏನೋ ಬುದ್ಧಿ ಹೇಳುತ್ತಿದ್ದಳು, ಮಗು ಹ್ಞೂಂಗುಟ್ಟುತ್ತಿತ್ತು. ಆಮೇಲೆ ಮುಚ್ಚಳ ತೆಗೆದ ಸದ್ದು. ಲೋಟಕ್ಕೆ ನೀರು ಬಿತ್ತು. ದಪ್ಪ, ಮೆತ್ತನೆಯ ಸದ್ದು. ಚೆನ್ನಾಗಿ ಕಾದ ನೀರು. ಅದರ ಹಿಂದೆಯೇ ಇನ್ನೊಂದು ಸಲ, ಸ್ವಲ್ಪವೇ ಹೊತ್ತು. ಇದು ತೆಳು, ಚುರುಕು. ಬೆಟಗೇರಿಯಲ್ಲಿದ್ದಿದ್ದರೆ ಅವ್ವ ಇದು ಕಾದಿಲ್ಲ ಎಂದು ಒಳಗಿನಿಂದ ಕೂಗಿಬಿಡುತ್ತಿದ್ದಳು.

ಸೋಮವಾರದಿಂದ ಮಗುವನ್ನು ಪೂರ್ತಿ ನೋಡಿಕೊಳ್ಳುವವಳು ಆ ಮುದುಕಿಯೇ.

ಮರುದಿನ ಬೆಳಿಗ್ಗೆ ಡಾಕ್ಟರು ಒಬ್ಬರೇ ಇದ್ದಾಗ ಹೋಗಿ ನಿಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮೂರು ವಾಕ್ಯ ಹೇಳಿ ಮುಗಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಿಳಿ ಗುಂಡಿ ಒತ್ತಿದಿ?"

"ಹೌದ್ರಿ ಮೇಡಂ."

"ಎಷ್ಟು ಹೊತ್ತು ಕೇಳಿದಿ?"

"ನೀರು ಬಿದ್ದು ಮುಗಿಯೂ ತನಕ."

ಅವರು ಒಂದು ಕಾಗದ ತೆಗೆದು ಮುಂದಿಟ್ಟುಕೊಂಡರು. ಆಮೇಲೆ, ಇದನ್ನು ನಾನು ಬರೆದು ಮೇಲಕ್ಕೆ ಕಳಿಸಲೇಬೇಕಾಗುತ್ತದೆ ಎಂದರು. ನಾನು ತಲೆಯಾಡಿಸಿದೆ. ಸದ್ದು ಕೇಳಿ ನೀರಿನ ಬಿಸಿ ಹೇಳಬಹುದು ಎಂಬುದನ್ನು ಅವರು ಪುಸ್ತಕದಲ್ಲಿ ಓದಿದ್ದರಂತೆ. ಕಾದ ನೀರು ಹರಿಯುವ ರೀತಿ, ಅದರಲ್ಲಿ ಏಳುವ ಗುಳ್ಳೆಗಳು ತಣ್ಣೀರಿನ ಹಾಗಿರುವುದಿಲ್ಲ. ಆದರೆ ಅದರ ಮೇಲೆ ಒಂದು ಮನೆಯವರನ್ನು ಪ್ರಶ್ನೆ ಮಾಡಬೇಕೆಂದರೆ ನನ್ನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ಚಹಾ ಮಾಡುವ ಕೋಣೆಗೆ ಕರೆದುಕೊಂಡು ಹೋಗಿ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಜುಬೇದಾ ಹಿಂದೆ ನಿಂತು ಲೋಟಕ್ಕೆ ಸುರಿಯತೊಡಗಿದಳು. ಬಿಸಿ. ತಣ್ಣೀರು. ಬಿಸಿ. ಬಿಸಿಯ ಮೇಲೆ ತಣ್ಣೀರು. ಹನ್ನೊಂದು ಸಲ ಸರಿ ಹೇಳಿದೆ. ಹನ್ನೆರಡನೆಯದಕ್ಕೆ ತಡೆದೆ.

"ಇದು ನೀರಲ್ಲ."

"ಚಹಾ," ಎಂದಳು ಜುಬೇದಾ. "ಸಕ್ಕರಿ ಎಷ್ಟ್ ಹಾಕೇನಿ ಅಂತ ಕೇಳ್ರಿ ಮೇಡಂ, ಅದನ್ನೂ ಹೇಳ್ತಾಳ ಈಕಿ."

ಡಾಕ್ಟರು ನಗಲಿಲ್ಲ. ನಾಳೆ ಬೆಳಿಗ್ಗೆ ಬ್ಯಾಡಗಿಗೆ ಹೋಗೋಣ ಎಂದರು.

ದಾಕ್ಷಿಯ ಮನೆ ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಕಾರಿನಿಂದ ಇಳಿದ ಕೂಡಲೇ ಡಾಕ್ಟರು ಸೀನಿದರು, ನಾನೂ ಸೀನಿದೆ. ಏಳು ತಿಂಗಳು ಆ ಕರುಳಿನ ನಡುನಡುವೆ ಅದುರುತ್ತಿದ್ದುದು ಇದೇ ಎಂದು ತಿಳಿಯಿತು. ದಾಕ್ಷಿಯ ಅಪ್ಪ ಮೆಣಸಿನಕಾಯಿ ಲಾರಿ ಓಡಿಸುತ್ತಾನೆ, ಆ ದಿನ ಊರಲ್ಲಿರಲಿಲ್ಲ. ಬಾಗಿಲ ಪಕ್ಕ ಸುವರ್ಣಾಳ ಚೀಲ ಆಗಲೇ ಕಟ್ಟಿಟ್ಟಿತ್ತು. ಅವಳು ಕೈ ಮುಗಿದಾಗ ಆ ಕೈಗಳನ್ನು ನೋಡಿದೆ. ದಿನಕ್ಕೆ ಮೂವತ್ತು ಸಲ ಔಷಧದ ನೀರಿನಲ್ಲಿ ತೊಳೆದು ಬೆರಳ ತುದಿಯ ಚರ್ಮ ಸುಲಿದುಹೋಗಿತ್ತು. ಆ ಬೆರಳಿನಲ್ಲೇ ಅವಳು ಮೆಣಸಿನಕಾಯಿ ಬಿಡಿಸುತ್ತಿದ್ದಳು.

ಒಳಗೆ ಸೊಳ್ಳೆ ಪರದೆಯ ಹಿಂದೆ ಹಾಸಿಗೆಯ ಮೇಲೆ ಒಂದು ಸಣ್ಣ ಮುಖ. ಕಣ್ಣೇ ದೊಡ್ಡವು. ನಾವು ಬಾಗಿಲಲ್ಲೇ ಕೂತೆವು.

ಕಾರಿನಲ್ಲಿ ಡಾಕ್ಟರು ಕೇಳಿದ್ದರು, ಆ ಅಜ್ಜಿಗೆ ಇದನ್ನು ಹೇಗೆ ಹೇಳುತ್ತೀ ಎಂದು. ಹೇಳುವ ಪ್ರಸಂಗವೇ ಬರಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕಲ್ಲ. ಅಜ್ಜಿ ಫಕ್ಕೀರವ್ವ ಎರಡು ಲೋಟ ತಂದಿಟ್ಟಳು. ದವಾಖಾನೆಯವರು ಕುದಿಸಿದ್ದನ್ನೇ ಕುಡಿಯುವವರು ಎಂದು, ಒಲೆಯ ಮೇಲಿನಿಂದ ಆಗಷ್ಟೇ ಇಳಿಸಿದ ಬೋಗಣಿಯಿಂದ ಅರ್ಧರ್ಧ ಲೋಟ ಸುರಿದಳು. ಹಬೆ ಎದ್ದಿತು. ಅವಳು ಲೋಟ ಮುಟ್ಟಿ ನೋಡಿ ಬೆರಳು ಹಿಂತೆಗೆದುಕೊಂಡಳು. ಮೂಲೆಯಲ್ಲಿ ನಲ್ಲಿ ನೀರು ತುಂಬಿಟ್ಟ ಹರವಿಯಿಂದ ಚರಗಿಯಲ್ಲಿ ತಣ್ಣೀರು ಮೊಗೆದು ಎರಡೂ ಲೋಟಕ್ಕೆ ಅಷ್ಟಷ್ಟು ಬೆರಸಿ, ಮತ್ತೆ ಮುಟ್ಟಿ ನೋಡಿ, ಸೆರಗಿನಿಂದ ಲೋಟದ ಹೊರಗನ್ನು ಒರೆಸಿ ನಮ್ಮ ಮುಂದೆ ಹಿಡಿದಳು.

"ಕುಡೀರಿ. ಈಗ ಬಾಯಿ ಸುಡಂಗಿಲ್ಲ."

ಯಾರೂ ಕೈ ಚಾಚಲಿಲ್ಲ. ಸುವರ್ಣಾ ಹರವಿಯನ್ನು ನೋಡಿದಳು, ಲೋಟ ನೋಡಿದಳು.

"ಅತ್ತಿ," ಎಂದಳು. "ದಾಕ್ಷಿಗೂ ಹಿಂಗ ಕೊಡ್ತೀರೇನು?"

ಮಧ್ಯಾಹ್ನ ಮಲಗಿ ಎದ್ದ ಮಗು ನೀರು ನೀರು ಎಂದು ಅಳುತ್ತದೆ, ಆರುವ ತನಕ ತಡೆಯುವುದಿಲ್ಲ, ಅದಕ್ಕೆ ಒಂದಿಷ್ಟು ಬೆರಸುತ್ತೇನೆ ಎಂದು ಫಕ್ಕೀರವ್ವ ಹೇಳಿದಳು. ಮುಚ್ಚಿಡುವಂಥದ್ದೇನೂ ಅವಳಿಗೆ ಅದರಲ್ಲಿ ಕಂಡಿರಲಿಲ್ಲ. ನೋಡಲು ಬಂದವರೆಲ್ಲ ಕುದಿಸುತ್ತೀರಾ ಎಂದು ಕೇಳಿದ್ದರು, ಹೌದು ಎಂದಿದ್ದಳು. ಬೆರಸುತ್ತೀರಾ ಎಂದು ಒಬ್ಬರೂ ಕೇಳಿರಲಿಲ್ಲ. ನಮ್ಮ ಮುಖಗಳನ್ನು ನೋಡಿ ಅವಳ ದನಿ ಸ್ವಲ್ಪ ಇಳಿಯಿತು.

"ಅಲ್ರಿ, ಒಂದು ಹನಿ ಮಜ್ಜಿಗಿ ಬಿದ್ರ ಬೋಗಣಿ ಹಾಲೆಲ್ಲಾ ಮೊಸರಾಕ್ಕತಿ. ಅರ್ಧ ಲೋಟ ಕುದ್ದ ನೀರಾಗ ಒಂದೀಟು ಹಸಿ ನೀರು ಬಿದ್ರ, ಅದೂ ಕುದ್ದಂಗ ಆಗಂಗಿಲ್ಲೇನ್ರಿ?"

ಡಾಕ್ಟರು ಇಲ್ಲ ಎಂದರು. ಆ ಒಂದಿಷ್ಟರಲ್ಲೇ ಅದು ಇರುತ್ತದೆ, ಲೋಟದ ಬಿಸಿಗೆ ಅದು ಸಾಯುವುದಿಲ್ಲ ಎಂದು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದರು. ಫಕ್ಕೀರವ್ವ ಲೋಟಗಳನ್ನು ಕೆಳಗಿಟ್ಟಳು. ಪರದೆಯ ಕಡೆ ತಿರುಗಿದಳು, ಮತ್ತೆ ಸೊಸೆಯ ಕಡೆ.

"ಹಂಗಾರ ನಾನ ಕುಡಿಸಿದ್ನೇನವಾ ಅದನ್ನ, ಆಕೀಗೆ?"

ನಾನು ಸುವರ್ಣಾಳನ್ನೇ ನೋಡುತ್ತಿದ್ದೆ. ಏಳು ತಿಂಗಳು ಇದೇ ಅತ್ತೆ ಅವಳಿಗೆ ದಿನಕ್ಕೆ ಹತ್ತು ಸಲ ಕೈ ತೊಳಿ, ಮತ್ತೊಮ್ಮೆ ತೊಳಿ ಎಂದಿದ್ದಳು ಎಂಬುದು ಆಸ್ಪತ್ರೆಯ ಕಾಗದದಲ್ಲೇ ಇತ್ತು. ಈಗ ಸೊಸೆ ಏನು ಅಂದರೂ ನಡೆಯುತ್ತಿತ್ತು. ಸುವರ್ಣಾ ತನ್ನ ಸುಲಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ನಾನೂ ಕೇಳಲಿಲ್ಲ ಅತ್ತಿ," ಎಂದಳು. "ಕುದಿಸಿದ್ರೇನು ಅಂತ ದಿನಾ ಬಂದು ಕೇಳ್ತಿದ್ದೆ. ಹೆಂಗ ಆರಿಸಿದ್ರಿ ಅಂತ ಒಂದಿನಾ ಕೇಳಲಿಲ್ಲ."

ನಾನು ಎದ್ದು ಕೈ ತೊಳೆದುಕೊಂಡು, ಸುವರ್ಣಾಳಿಂದ ಕುದಿನೀರಿನಲ್ಲಿ ಅದ್ದಿದ ಎರಡು ಲೋಟ ಇಸಿದುಕೊಂಡೆ. ಒಂದಕ್ಕೆ ಬೋಗಣಿಯ ನೀರು ತುಂಬಿ, ಹಾಲು ಆರಿಸುವ ಹಾಗೆ ಒಂದು ಕೈ ಮೇಲೆತ್ತಿ ಇನ್ನೊಂದಕ್ಕೆ ಸುರಿದೆ. ಅದರಿಂದ ಮತ್ತೆ ಇದಕ್ಕೆ. ಫಕ್ಕೀರವ್ವ ನೋಡುತ್ತ ನಿಂತಳು. ಹಾಲು ಆರಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ನೀರಿಗೂ ಹಾಗೆ ಮಾಡಬಹುದೆಂದು ತೋಚಿರಲಿಲ್ಲ, ಅಷ್ಟೇ. ಆರನೆಯ ಸಲಕ್ಕೆ ಬಂದು, ಕೈ ತೊಳೆದು, ಲೋಟಗಳನ್ನು ನನ್ನಿಂದ ತೆಗೆದುಕೊಂಡಳು. ಅವಳ ಧಾರೆ ನನ್ನದಕ್ಕಿಂತ ಉದ್ದವಾಗಿತ್ತು. ಒಂದು ಹನಿ ಹೊರಗೆ ಬೀಳಲಿಲ್ಲ.

ಪರದೆಯ ಹಿಂದಿನಿಂದ ದಾಕ್ಷಿ ನನ್ನನ್ನು ಕೇಳಿದಳು. "ನೀ ಯಾರು?"

"ನಿನ್ನ ಹೊಟ್ಟಿ ಮಾತು ಕೇಳೂ ಅಕ್ಕ."

"ಏನಂತೈತಿ ಅದು?"

"ನಾಲ್ಕು ಗಂಟೇಕ್ಕ ಬೆಚ್ಚಿ ಬೀಳ್ತೈತಿ."

ಅವಳು ಅಂಗಿ ಎತ್ತಿ ತನ್ನ ಹೊಟ್ಟೆ ನೋಡಿಕೊಂಡಳು.

ಇನ್ನೊಂದು ಮಾತು ಉಳಿದಿತ್ತು. ಅದನ್ನು ನಾನೇ ಹೇಳಬೇಕೆಂದು ಡಾಕ್ಟರು ಮೊದಲೇ ತಿಳಿಸಿದ್ದರು. ಒತ್ತಬಾರದ ಗುಂಡಿ ಒತ್ತಿ ನಿಮ್ಮ ಮನೆಯ ಸದ್ದು ಕೇಳಿದೆ ಎಂದು ಸುವರ್ಣಾಳಿಗೆ ಹೇಳಿದೆ. ಅವಳ ಮುಖ ಬಿಗಿಯಿತು. ನೀರಿನ ಸದ್ದು ಬಿಟ್ಟು ಮತ್ತೇನು ಕೇಳಿದೆ ಎಂದಳು. ನೀರೊಂದೇ ಎಂದುಬಿಡಬಹುದಿತ್ತು.

"ಅಜ್ಜಿ ದಾಕ್ಷಿಗೆ ಹೇಳಾಕತ್ತಿದ್ರು," ಎಂದೆ. "ಅವ್ವ ಊರಿಗೆ ಹೋಗೂ ಮುಂದ ಅಳಬಾರದು, ನೀ ಅತ್ರ ಆಕೀಗೆ ಹೋಗಾಕ ಕಾಲು ಏಳಂಗಿಲ್ಲ ಅಂತ. ದಾಕ್ಷಿ ಹ್ಞೂಂ ಅಂದ್ಲು."

ಸುವರ್ಣಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಅತ್ತಿದ್ದನ್ನು ಆ ಮನೆಯವರೂ ಆವತ್ತೇ ಮೊದಲು ನೋಡಿದ್ದಿರಬೇಕು. ಫಕ್ಕೀರವ್ವ ಲೋಟ ಕೆಳಗಿಟ್ಟು, ಬಾಗಿಲ ಪಕ್ಕದ ಚೀಲ ಎತ್ತಿಕೊಂಡು ಒಳಗೆ ಹೋದಳು.

ಡಾಕ್ಟರು ಹೇಳಿದಂತೆ ಬರೆದು ಕಳಿಸಿದರು. ಮೇಲಿನಿಂದ ಬಂದ ಆದೇಶದಂತೆ ನನ್ನನ್ನು ಕೇಳುವ ಕೋಣೆಯಿಂದ ತೆಗೆದು ಕೆಳಗಿನ ಕೋಣೆಗೆ ಹಾಕಿದರು. ಹಳೆಯ ಬಿಲ್ಲೆಗಳನ್ನು ತೊಳೆದು, ಒರೆಸಿ, ಪೊಟ್ಟಣಕ್ಕೆ ತುಂಬುವ ಕೆಲಸ. ತೊಂಬತ್ತು ಮನೆಗಳಿಗೂ ಒಂದು ಕಾಗದ ಹೋಯಿತು, ಹೀಗಾಯಿತು ಎಂದು. ಐದು ಮನೆಯವರು ಬಿಲ್ಲೆ ಕಿತ್ತು ಕಳಿಸಿದರು. ಅವು ನನ್ನ ಕೈಗೇ ಬಂದವು. ಒಂದೊಂದನ್ನೂ ತೊಳೆಯುವಾಗ ಆ ಮಗುವಿನ ನಡೆ ಈಗ ಯಾರು ಕೇಳುತ್ತಾರೆ ಎನಿಸುತ್ತಿತ್ತು. ಬಿಳಿ ಗುಂಡಿಯನ್ನೂ ಕಿತ್ತುಹಾಕಿದರು.

ಬ್ಯಾಡಗಿಯಿಂದಲೂ ಒಂದು ಕಾಗದ ಬಂತು. ನಮ್ಮ ಮನೆಯ ಸದ್ದನ್ನು ನಾಲ್ಕು ಗಂಟೆಗೆ, ನೀರು ಕುಡಿಸುವಾಗ ಮಾತ್ರ, ಕೇಳಬಹುದು ಎಂದು ಸುವರ್ಣಾ ತನ್ನ ಕೈಯಾರೆ ಬರೆದು ಸಹಿ ಮಾಡಿದ್ದಳು. ಕೆಳಗೆ ಫಕ್ಕೀರವ್ವನ ಹೆಬ್ಬೆಟ್ಟು. ಆ ಒಂದು ಮನೆಯ ಸದ್ದನ್ನು ಆ ಹೊತ್ತಿಗೆ ಮಾತ್ರ ಸೋಸದಂತೆ ಯಂತ್ರವನ್ನು ಹೊಂದಿಸಿದರು.

ದಿನಗಳ ಲೆಕ್ಕ ಜುಬೇದಾ ಊಟದ ಹೊತ್ತಿಗೆ ತಂದು ಹೇಳುತ್ತಿದ್ದಳು. ಒಂಬತ್ತು. ಹದಿನಾರು. ಇಪ್ಪತ್ತಮೂರನೆಯ ದಿನ ಅವಳು ಊಟಕ್ಕೆ ಬರಲಿಲ್ಲ. ಕೆಂಪು ದೀಪ ಹತ್ತಿತ್ತು. ಮೂರು ಗಂಟೆಗೆ ಬಂದು ನನ್ನ ಎದುರು ಧಪ್ಪೆಂದು ಕೂತಳು. ಎರಡು ತಾಸು ಕೇಳಿದಳಂತೆ, ಬ್ಯಾಡಗಿಯಲ್ಲೇ ಮಲ ಪರೀಕ್ಷೆ ಮಾಡಿಸಿದರಂತೆ, ಏನೂ ಇರಲಿಲ್ಲ. ಹುಡುಗಿ ಅಜ್ಜಿಯ ಕಣ್ಣು ತಪ್ಪಿಸಿ ಮೂರು ಶೇಂಗಾ ಉಂಡೆ ತಿಂದಿದ್ದಳು. ನನ್ನ ಊಟದ ಡಬ್ಬಿಯನ್ನು ಜುಬೇದಾ ಎಳೆದುಕೊಂಡು ಖಾಲಿ ಮಾಡಿದಳು.

ನಲವತ್ತನೆಯ ದಿನ ಅವಳು ಮೂರೂ ಮುಕ್ಕಾಲಿಗೆ ಬಂದು, ನನ್ನ ಕೈಯಿಂದ ಬಿಲ್ಲೆ ತೆಗೆದಿಟ್ಟು, ರಟ್ಟೆ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ನನ್ನ ಹಳೆಯ ಕುರ್ಚಿಯ ಹಿಂದೆ ನಿಂತಿದ್ದರು. ನಾಳೆ ಬೆಳಿಗ್ಗೆ ದಾಕ್ಷಿಯನ್ನು ಕರೆತರಲು ಗಾಡಿ ಹೋಗುತ್ತದೆ ಎಂದರು. ಆಮೇಲೆ ಹೆಡ್‌ಫೋನನ್ನು ಅವರೇ ನನ್ನ ಕಿವಿಗೆ ಹಾಕಿದರು.

ಒಂದು ಸೀನು. ಮುಚ್ಚಳ ತೆಗೆದ ಸದ್ದು. ಲೋಟಕ್ಕೆ ನೀರು ಬಿತ್ತು, ದಪ್ಪ, ಮೆತ್ತನೆಯ ಸದ್ದು. ಆಮೇಲೆ ಎತ್ತರದಿಂದ ಉದ್ದ ಧಾರೆ, ಮತ್ತೆ ಮರಳಿ. ಮಗುವಿನ ದನಿ ಎಣಿಸುತ್ತಿತ್ತು. ಮೂರು. ನಾಲ್ಕು. ಐದು. ಪ್ರತಿ ಸಲಕ್ಕೂ ಸದ್ದು ಕೂದಲೆಳೆಯಷ್ಟು ತೆಳುವಾಗುತ್ತಿತ್ತು. ಹದಿನಾಲ್ಕಕ್ಕೆ ಮಗು ಸಾಕು ಎಂದಿತು.

"ಇನ್ನೆರಡು," ಎಂದಳು ಫಕ್ಕೀರವ್ವ.

ಹದಿನೈದು. ಹದಿನಾರು. ನೀರು ಈಗ ತೆಳುವಾಗಿ, ಚುರುಕಾಗಿ ಬಿತ್ತು. ಬೇರೆ ಯಾವ ನೀರೂ ಅದರ ಹಿಂದೆ ಬೀಳಲಿಲ್ಲ. ಹುಡುಗಿ ಒಂದೇ ಉಸಿರಿಗೆ ಕುಡಿದಳು. ಹೊಟ್ಟೆ ಎಂದಿನಂತೆ ಬೆಚ್ಚಿಬಿತ್ತು. ಆಮೇಲೆ ನಿಧಾನಕ್ಕೆ ತನ್ನ ನಡೆ ನಡೆಯತೊಡಗಿತು.